ಮತ ಕೊಂಡೊಯ್ದವರ ಕಿವಿ ಎಲ್ಲಿದೆ?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಬಂಧುಗಳೇ,

ಚುನಾವಣೆಯ ಕಾಲದಲ್ಲಿ ನಮ್ಮ ಬೀದಿಗಳಿಗೆ ಬರುವಷ್ಟು ದೊಡ್ಡವರು ಅಮ್ಮನ ಜಾತ್ರೆಗೂ ಬರುವುದಿಲ್ಲ. ಚೌಡೇಶ್ವರಿ ಗುಡಿಯ ಮುಂದೆ ಮೋಟಾರುಗಳು ಸಾಲುಗಟ್ಟುತ್ತವೆ. ಉಮೇದುವಾರರು ಇಳಿದು, ಅಮ್ಮನಿಗೆ ಕೈಮುಗಿದು, ಕುಲದ ಯಜಮಾನರಿಗೆ ಶಾಲು ಹೊದಿಸಿ, "ಈ ಬೀದಿಯಲ್ಲಿ ಮತಗಳೆಷ್ಟು?" ಎಂದು ಪಕ್ಕದವನನ್ನು ಮೆಲ್ಲನೆ ವಿಚಾರಿಸಿ, ಮುಂದಿನ ಬೀದಿಗೆ ಸಾಗುತ್ತಾರೆ. ಫಲಿತಾಂಶ ಬಂದ ಮೇಲೆ ಆ ಮೋಟಾರುಗಳನ್ನು ಮತ್ತೆ ಕಾಣಬೇಕಾದರೆ ಐದು ವರ್ಷ ಕಾಯಬೇಕು. ಇಲ್ಲವೇ ಯಾರಾದರೂ ಹಿರಿಯರು ತೀರಿಕೊಳ್ಳಬೇಕು.

ಎದುರು ಪಕ್ಷದವರು ನಮ್ಮ ಮಾತನ್ನು ಕೇಳಲಿಲ್ಲವೆಂದು ದೂರುವುದು ಹಳೆಯ ಸಂಗತಿ. ಈಗ ನಮ್ಮ ಊರುಗಳ ಜಗಲಿಗಳ ಮೇಲೆ ಕೇಳಿಬರುತ್ತಿರುವ ಅಸಮಾಧಾನವು ಬೇರೆ ಬಗೆಯದು. ಅಜ್ಜನ ಕಾಲದಿಂದ ಒಬ್ಬರ ಮನೆ ಉದಯಸೂರ್ಯನದು, ಇನ್ನೊಬ್ಬರದು ಎರಡೆಲೆಯದು, ಮತ್ತೊಬ್ಬರದು ಕೈ ಚಿಹ್ನೆಯದು. ಇತ್ತೀಚಿನ ತರುಣರಲ್ಲಿ ಹಲವರದು ಕಮಲದ್ದು. ಹೀಗೆ ಚಿಹ್ನೆಯನ್ನು ಮನೆತನದಂತೆ ಉಳಿಸಿಕೊಂಡು ಬಂದವರೇ ಇಂದು "ನಮ್ಮ ಪಕ್ಷವೇ ನಮ್ಮನ್ನು ಗುರುತಿಸುವುದಿಲ್ಲ" ಎನ್ನುತ್ತಿದ್ದಾರೆ. ಆ ಮಾತನ್ನು ಕುರಿತು ಕೆಲವು ವಿಚಾರಗಳನ್ನು ತಮ್ಮ ಮುಂದಿಡುವುದು ಈ ಹೊತ್ತಗೆಯ ಉದ್ದೇಶ. ನಮ್ಮಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡವರು ಬಹುಮಂದಿ, ಕನ್ನಡ ಲಿಪಿಯನ್ನು ಓದಬಲ್ಲವರು ಕೆಲವೇ ಮಂದಿ. ಆದಕಾರಣ ಓದಬಲ್ಲವರು ಇದನ್ನು ಉಳಿದವರಿಗೆ ಓದಿ ಹೇಳಬೇಕೆಂದು ಮೊದಲಿಗೇ ಪ್ರಾರ್ಥಿಸುತ್ತೇವೆ.

ನಮ್ಮ ಸ್ಥಿತಿಯು ಗಡಿಯ ಇತರ ಕನ್ನಡಿಗರ ಸ್ಥಿತಿಯಂತಲ್ಲ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಅದು ಒಂದೇ ಹರಹಿನ ಕನ್ನಡ ಸೀಮೆಯಾಗಿದ್ದುದರಿಂದ ಅದರ ಮಾತು ಆಯೋಗದವರಿಗೆ ಕೇಳಿಸಿತು. ತಾಳವಾಡಿಯ ಕನ್ನಡಿಗರು ಇತ್ತಲೇ ಉಳಿದು, 1979ರಲ್ಲಿ ಜಿಲ್ಲೆ ಒಡೆದಾಗ ಈರೋಡಿನ ಕಡೆಗೆ ಸೇರಿದರು. ಅತ್ತ ಮಂಜೇಶ್ವರದ ಕನ್ನಡಿಗರು 1960ರ ದಶಕದಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಮರಳಿ ಮರಳಿ ಕೇರಳದ ಶಾಸನಸಭೆಗೆ ಕಳುಹಿಸಿ, ತಮ್ಮ ಬೇಡಿಕೆಯನ್ನು ತಮ್ಮವರ ಬಾಯಿಂದಲೇ ಆಡಿಸಿದರು. ನಾವಾದರೋ ಸಿರುಮುಗೈಯ ಮಗ್ಗದ ಮನೆಗಳಿಂದ ನೆಗಮದವರೆಗೆ, ಅವಿನಾಶಿಯ ಬಯಲಿನಿಂದ ಉಡುಮಲೈಪೇಟೆಯ ತೋಟಗಳವರೆಗೆ ಎಳ್ಳು ಚೆಲ್ಲಿದಂತೆ ಹರಡಿದ್ದೇವೆ. ದೇವಾಂಗರೆಂದು, ಒಕ್ಕಲಿಗರೆಂದು, ಅನುಪ್ಪರೆಂದು, ಕುರುಬರೆಂದು ಬೇರೆ ಬೇರೆ ಹೆಸರಿನಿಂದ ಬಾಳುತ್ತಿದ್ದೇವೆ. ಗಡಿಯ ಗೆರೆಯನ್ನು ಎಷ್ಟು ತಿದ್ದಿದರೂ ಅದು ನಮ್ಮ ಊರುಗಳ ತನಕ ಬರಲಾರದು. ಇದನ್ನು ಏಕೀಕರಣದ ಕೆಲಸ ಮಾಡುವ ನಾವೇ ತಮಗೆ ನಿಸ್ಸಂಕೋಚವಾಗಿ ಹೇಳಬೇಕು. ಯಾವೊಂದು ಕ್ಷೇತ್ರದಲ್ಲಿಯೂ ನಮ್ಮ ಮತದಿಂದಲೇ ಒಬ್ಬನನ್ನು ಗೆಲ್ಲಿಸುವ ಬಲ ನಮಗಿಲ್ಲ. ನಮ್ಮ ಅಹವಾಲು ಸರಕಾರವನ್ನು ಮುಟ್ಟಬೇಕಾದರೆ ಅದು ಯಾವುದಾದರೊಂದು ಪಕ್ಷದ ಬಾಗಿಲಿನಿಂದಲೇ ಹೋಗಬೇಕು. ಆ ಬಾಗಿಲು ಮುಚ್ಚಿದ್ದರೆ ನಷ್ಟ ನಮಗೆ ಇತರರಿಗಿಂತ ಹೆಚ್ಚು.

ಬಾಗಿಲು ಎಷ್ಟು ಕಾಲ ಮುಚ್ಚಿರಬಲ್ಲುದು ಎಂಬುದಕ್ಕೆ ಅತ್ತಿಕಡವು–ಅವಿನಾಶಿ ಯೋಜನೆಗಿಂತ ದೊಡ್ಡ ನಿದರ್ಶನ ಬೇಡ. ಭವಾನಿಯ ಹೆಚ್ಚಿನ ನೀರನ್ನು ಅನ್ನೂರು, ಅವಿನಾಶಿಗಳ ಒಣ ಬಯಲಿಗೆ ತರಬೇಕೆಂಬ ಬೇಡಿಕೆ ಅರುವತ್ತು ವರ್ಷಗಳಿಗೂ ಮಿಕ್ಕಿ ಹಳೆಯದು. ಕಾಂಗ್ರೆಸ್ಸು ಆಳಿತು, ದ್ರಾವಿಡ ಮುನ್ನೇತ್ರ ಕಳಗ ಆಳಿತು, ಅಣ್ಣಾ ದ್ರಾವಿಡ ಮುನ್ನೇತ್ರ ಕಳಗ ಆಳಿತು; ಚುನಾವಣೆಯ ಭಾಷಣಗಳಲ್ಲಿ ಈ ಕಾಲುವೆ ಹರಿಯದ ವರ್ಷವಿಲ್ಲ. ಬಾವಿಗಳು ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದವು, ಹೊಲ ಮಾರಿದವರು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ನಡೆದರು. 2016ರಲ್ಲಿ ಅವಿನಾಶಿಯಲ್ಲಿ ರೈತರು ಅನಿರ್ದಿಷ್ಟ ಉಪವಾಸಕ್ಕೆ ಕುಳಿತರು. 2019ರ ಫೆಬ್ರವರಿಯಲ್ಲಿ ಅಂದಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿಯವರು ಅಡಿಗಲ್ಲು ಹಾಕಿದರು. 2024ರ ಆಗಸ್ಟ್ 17ರಂದು ಮುಖ್ಯಮಂತ್ರಿಯಾಗಿದ್ದ ಎಂ. ಕೆ. ಸ್ಟಾಲಿನ್ ಅವರು ಅದನ್ನು ಉದ್ಘಾಟಿಸಿದರು. ಹೆಸರು ಅತ್ತಿಕಡವಿನದಾದರೂ ನೀರು ಮಾತ್ರ ಬಹಳ ಕೆಳಗಿನ ಕಾಳಿಂಗರಾಯನ್ ಅಣೆಯ ಬಳಿಯದು. ಅಲ್ಲಿಂದ ಮುಂದೆ ಹರಿದುಹೋಗುವ ಹೆಚ್ಚಿನ ನೀರಿನಲ್ಲಿ ವರ್ಷಕ್ಕೆ ಒಂದೂವರೆ ಟಿಎಂಸಿಯಷ್ಟನ್ನು ಆರು ಪಂಪುಮನೆಗಳಿಂದ ಮೇಲೆತ್ತಿ, ಕೊಳವೆಗಳಲ್ಲಿ ಸಾಗಿಸಿ, ಈರೋಡು, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ 1,045 ಕೆರೆಕುಂಟೆಗಳಿಗೆ ತುಂಬುವುದೇ ಯೋಜನೆ. ಸುಮಾರು 1,916 ಕೋಟಿ ರೂಪಾಯಿ ವೆಚ್ಚವಾಯಿತೆಂದು ಸರಕಾರವು ಹೇಳಿತು.

ನೀರು ಬಂದುದು ಸಂತೋಷವೇ. ಅಡಿಗಲ್ಲು ಹಾಕಿದವರಿಗೂ ಮುಗಿಸಿದವರಿಗೂ ನಾವು ಕೃತಜ್ಞರು. ಆದರೆ ಆ ಬಳಿಕ ನಡೆದುದನ್ನು ನೋಡಿರಿ. 2025ರ ಫೆಬ್ರವರಿಯಲ್ಲಿ ಅನ್ನೂರಿನ ಬಳಿ ರೈತರು ಪಳನಿಸ್ವಾಮಿಯವರಿಗೆ ಅಭಿನಂದನಾ ಸಭೆಯನ್ನೇರ್ಪಡಿಸಿದರು. ಗೋಬಿಚೆಟ್ಟಿಪಾಳೆಯದ ಹಿರಿಯ ನಾಯಕ ಕೆ. ಎ. ಸೆಂಗೋಟ್ಟೈಯನ್ ಅವರು ಬರಲಿಲ್ಲ. ವೇದಿಕೆಯ ಮೇಲೆ ಎಂ.ಜಿ.ಆರ್. ಹಾಗೂ ಜಯಲಲಿತಾ ಅವರ ಭಾವಚಿತ್ರಗಳಿರಲಿಲ್ಲವೆಂಬುದು ಕಾರಣ. ಮರುದಿನದಿಂದ ವಾರಗಟ್ಟಲೆ ಪತ್ರಿಕೆಗಳಲ್ಲಿ ಆ ಭಾವಚಿತ್ರಗಳದೇ ಚರ್ಚೆ. ಎಷ್ಟು ಕೆರೆಗಳಿಗೆ ನೀರು ಬಂದಿತು, ಯಾವ ಕುಂಟೆ ಪಟ್ಟಿಯಿಂದ ಬಿಟ್ಟುಹೋಯಿತು, ಬಿಟ್ಟುಹೋದ ಊರಿನವರು ಯಾರ ಬಳಿಗೆ ಹೋಗಬೇಕು ಎಂಬ ಪ್ರಶ್ನೆಗಳನ್ನು ಕೇಳಬೇಕಾಗಿದ್ದ ದಿನವು ಗೋಡೆಯ ಮೇಲಿನ ಪಟಗಳ ಜಗಳದಲ್ಲಿ ಕಳೆದುಹೋಯಿತು.

ಇನ್ನು 2021ರ ವಿಚಾರ. ಆ ವರ್ಷ ಕೊಯಮತ್ತೂರು ಜಿಲ್ಲೆಯ ಹತ್ತು ಸ್ಥಾನಗಳನ್ನೂ ಅಣ್ಣಾ ದ್ರಾವಿಡ ಮುನ್ನೇತ್ರ ಕಳಗದ ಮೈತ್ರಿಕೂಟವೇ ಗೆದ್ದಿತು. ರಾಜ್ಯದ ಆಡಳಿತ ಮಾತ್ರ ದ್ರಾವಿಡ ಮುನ್ನೇತ್ರ ಕಳಗದ ಕೈಗೆ ಹೋಯಿತು. ಮತದಾರನು ತನ್ನ ಶಾಸಕನ ಬಳಿಗೆ ಹೋದರೆ "ನಾವು ವಿರೋಧಪಕ್ಷ, ನಮ್ಮ ಮಾತು ಎಲ್ಲಿ ನಡೆಯುತ್ತದೆ?" ಎಂಬ ಉತ್ತರ. ಆಳುವ ಪಕ್ಷದ ಕಚೇರಿಗೆ ಹೋದರೆ "ನೀವು ಹತ್ತಕ್ಕೆ ಹತ್ತನ್ನೂ ಅವರಿಗೆ ಕೊಟ್ಟಿರಿ, ಅವರನ್ನೇ ಕೇಳಿರಿ" ಎಂಬ ಉತ್ತರ. ಎರಡೂ ಉತ್ತರಗಳು ಒಂದೇ ಬಾಯಿಂದ ಬಂದಂತಿವೆ. ಮತ ಕೊಟ್ಟವನಿಗೂ ಕೊಡದವನಿಗೂ ದೊರೆತುದು ಒಂದೇ ಎಂದ ಮೇಲೆ ಪಕ್ಷನಿಷ್ಠೆಯ ಬೆಲೆಯೇನು ಎಂದು ನಮ್ಮ ಜನ ಕೇಳಿದರೆ ಅವರನ್ನು ಗದರಿಸಲು ಯಾರಿಗೂ ಬಾಯಿಲ್ಲ.

ಪಕ್ಷಗಳವರು ಜನರ ಬಳಿಗೆ ಬರುವುದೇ ಇಲ್ಲವೆಂದರೆ ಅನ್ಯಾಯವಾದೀತು. ಬರುತ್ತಾರೆ, ಇತ್ತೀಚೆಗೆ ಬಹಳವಾಗಿಯೇ ಬರುತ್ತಿದ್ದಾರೆ. ಸರಕಾರದ "ಮಕ್ಕಳುಡನ್ ಮುದಲ್ವರ್" ಎಂಬ ಅರ್ಜಿ ಶಿಬಿರಗಳು 2023ರ ಡಿಸೆಂಬರಿನಲ್ಲಿ ಕೊಯಮತ್ತೂರಿನಿಂದಲೇ ಆರಂಭವಾದವು. ಪಳನಿಸ್ವಾಮಿಯವರು ತಮ್ಮ ರಾಜ್ಯಪ್ರವಾಸವನ್ನು 2025ರ ಜುಲೈ 7ರಂದು ಮೇಟ್ಟುಪಾಳೆಯದಿಂದ ಹೊರಡಿಸಿದರು. ಬಂದವರು ಕೇಳಿದರೇ ಎಂಬುದೇ ನಮ್ಮ ಪ್ರಶ್ನೆ.

ಎರಡು ಸಭೆಗಳನ್ನು ನೆನಪಿಗೆ ತರುತ್ತೇವೆ. 2021ರ ಜನವರಿಯಲ್ಲಿ, ಚುನಾವಣೆಗೆ ಮುಂಚೆ, ತೊಂಡಾಮುತ್ತೂರು ಕ್ಷೇತ್ರದ ದೇವರಾಯಪುರದಲ್ಲಿ ದ್ರಾವಿಡ ಮುನ್ನೇತ್ರ ಕಳಗವು "ಜನರ ಗ್ರಾಮಸಭೆ" ನಡೆಸಿತು. ಸಭೆಯಲ್ಲಿ ಒಬ್ಬ ಹೆಂಗಸು ಎದ್ದು ಪ್ರಶ್ನೆ ಕೇಳಿದಳು. ಆಕೆ ಎದುರು ಪಕ್ಷದವಳೆಂದು ತಿಳಿದು ಆಕೆಯನ್ನು ಹೊರಗೆ ಕಳುಹಿಸಿದರು. ಆಕೆಯು ನಿಜವಾಗಿಯೂ ಎದುರು ಪಕ್ಷದವಳೇ ಆಗಿದ್ದಳು, ತಲೆಯ ಮೇಲೆ ಇದ್ದುದು ಮಾತ್ರ ಇವರ ಪಕ್ಷದ ಟೋಪಿ. ಒಂದು ಪಕ್ಷಕ್ಕೆ ಪ್ರಶ್ನೆಯನ್ನು ಸಹಿಸುವ ತಾಳ್ಮೆಯಿರಲಿಲ್ಲ, ಇನ್ನೊಂದಕ್ಕೆ ಪ್ರಶ್ನೆಯೆಂದರೆ ವೇಷ ಹಾಕಿಸಿ ಕಳುಹಿಸುವ ಆಟ. ಆ ಊರಿನವರ ಕುಡಿಯುವ ನೀರಿನದೋ ದಾರಿಯದೋ ನಿಜವಾದ ಪ್ರಶ್ನೆಗಳು ಈ ಗದ್ದಲದ ನಡುವೆ ಯಾರ ಕಿವಿಗೆ ಬಿದ್ದಾವು?

ಎರಡನೆಯದು 2024ರ ಸೆಪ್ಟೆಂಬರಿನದು. ಕೊಯಮತ್ತೂರಿನಲ್ಲಿ ಕೇಂದ್ರದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಉದ್ಯಮಿಗಳ ಅಹವಾಲು ಕೇಳಲು ಸಭೆ ಕರೆದರು. ಊರಿನ ಹೆಸರಾಂತ ಹೋಟೆಲ್ ಮಾಲೀಕರೊಬ್ಬರು ಎದ್ದು, ಬರಿಯ ಬನ್ನಿಗೆ ತೆರಿಗೆಯಿಲ್ಲ, ಅದರೊಳಗೆ ಕ್ರೀಮು ತುಂಬಿದರೆ ನೂರಕ್ಕೆ ಹದಿನೆಂಟು, ಗಿರಾಕಿಗಳು ಎರಡನ್ನೂ ಬೇರೆ ಬೇರೆ ತನ್ನಿ ಎನ್ನುತ್ತಾರೆ ಎಂದು ನಗೆಯ ಮಾತಿನಲ್ಲಿಯೇ ತಮ್ಮ ಕಷ್ಟವನ್ನು ಹೇಳಿದರು. ಸಭೆ ನಕ್ಕಿತು. ಬಳಿಕ ಅವರು ಸಚಿವರ ಬಳಿ ಕ್ಷಮೆ ಕೇಳುತ್ತಿರುವ ಖಾಸಗಿ ಚಿತ್ರವು ಊರೆಲ್ಲ ಹರಡಿತು. ಅದನ್ನು ಹರಡಿದ ತಮ್ಮವರ ಪರವಾಗಿ ಭಾರತೀಯ ಜನತಾ ಪಕ್ಷದ ಅಂದಿನ ರಾಜ್ಯಾಧ್ಯಕ್ಷ ಅಣ್ಣಾಮಲೈಯವರು ಬಹಿರಂಗವಾಗಿ ಕ್ಷಮೆ ಯಾಚಿಸಬೇಕಾಯಿತು. ಅವರು ಯಾಚಿಸಿದುದು ಒಳ್ಳೆಯದೇ ಆಯಿತು. ಆದರೂ ನಗರದ ಸಿರಿವಂತ ವ್ಯಾಪಾರಿಯೊಬ್ಬರು ಕರೆದ ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಈ ಗತಿಯಾದರೆ, ಸಿರುಮುಗೈಯ ನೇಕಾರನು ಕರೆಯದ ಸಭೆಗೆ ಹೋಗಿ ಕೇಳುವ ಧೈರ್ಯವನ್ನು ಎಲ್ಲಿಂದ ತರಬೇಕು?

ನೇಕಾರರ ಮಾತು ಬಂದುದರಿಂದ ಒಂದನ್ನು ಹೇಳಿಬಿಡುತ್ತೇವೆ. ಸೋಮನೂರು, ಪಲ್ಲಡಗಳ ವಿದ್ಯುನ್ಮಗ್ಗದ ಕೂಲಿ ನೇಯ್ಗೆಯವರು 2022ರ ಜನವರಿಯಲ್ಲಿ ಮಗ್ಗ ನಿಲ್ಲಿಸಿದ್ದು ಹೊಸ ಕೂಲಿಯನ್ನು ಕೇಳುವುದಕ್ಕಲ್ಲ, ಹಿಂದಿನ ವರ್ಷ ಒಪ್ಪಿಕೊಂಡ ಕೂಲಿಯನ್ನು ಕೊಡಿರೆಂದು. 2025ರ ಮಾರ್ಚಿನಲ್ಲಿ ಮತ್ತೆ ಮಗ್ಗಗಳು ನಿಂತವು. ಒಪ್ಪಂದವಾದ ದಿನ ಪಟದಲ್ಲಿ ನಿಲ್ಲಲು ಬರುವ ಮುಖಂಡರು ಒಪ್ಪಂದ ಮುರಿದ ದಿನ ಬಂದು ನಿಂತಿದ್ದರೆ ಎರಡನೆಯ ಮುಷ್ಕರ ಬೇಕಾಗುತ್ತಿತ್ತೇ?

ಪಕ್ಷಕ್ಕೂ ಜನರಿಗೂ ನಡುವೆ ಇರಬೇಕಾದ ಅತಿ ಹತ್ತಿರದ ಮೆಟ್ಟಲು ಪಂಚಾಯತಿ. ಅದಕ್ಕೇನಾಯಿತು? 2016ರ ಅಕ್ಟೋಬರಿನಲ್ಲಿ ನಡೆಯಬೇಕಾಗಿದ್ದ ಸ್ಥಳೀಯ ಚುನಾವಣೆಗಳು ನಮ್ಮ ಜಿಲ್ಲೆಗಳ ಹಳ್ಳಿಗಳಲ್ಲಿ ನಡೆದುದು 2019ರ ಡಿಸೆಂಬರಿನಲ್ಲಿ. ಆಗ ಆರಿಸಿದವರ ಅವಧಿಯು 2025ರ ಜನವರಿ 5ಕ್ಕೆ ಮುಗಿಯಿತು; ಪಂಚಾಯತಿಗಳು ಮತ್ತೆ ವಿಶೇಷಾಧಿಕಾರಿಗಳ ಕೈಗೆ ಹೋದವು. ಮೊದಲ ಬಾರಿ ಒಂದು ಪಕ್ಷ ಆಳುತ್ತಿತ್ತು, ಎರಡನೆಯ ಬಾರಿ ಇನ್ನೊಂದು. ಬೀದಿದೀಪ ಕೆಟ್ಟರೆ ಮನೆಯ ಮುಂದೆ ಹಾದುಹೋಗುವ ವಾರ್ಡು ಸದಸ್ಯನನ್ನು ಕೂಗಿ ಕರೆಯಬಹುದಾಗಿದ್ದ ಮುದುಕಿಯು ಅಧಿಕಾರಿಯನ್ನು ಹಾಗೆ ಕೂಗಿ ಕರೆಯಲಾರಳು. ಸೋಮವಾರದ ಅಹವಾಲು ದಿನದಂದು ಬಸ್ಸು ಹಿಡಿದು ಕಲೆಕ್ಟರ ಕಚೇರಿಗೆ ಹೋಗಬೇಕು, ಸಾಲಿನಲ್ಲಿ ನಿಲ್ಲಬೇಕು, ಅರ್ಜಿಗೊಂದು ಸಂಖ್ಯೆ ಪಡೆದು ಮರಳಬೇಕು. ಆ ಒಂದು ದಿನದ ಕೂಲಿಯೂ ಹೋಯಿತು.

ಇಷ್ಟೆಲ್ಲವೂ ತಮಿಳು ನೆರೆಹೊರೆಯವರಿಗೂ ನಮಗೂ ಸಮಾನ. ನಮಗೇ ಮೀಸಲಾದ ಕಷ್ಟ ಇನ್ನೊಂದಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಪೈಕಿ ಐದಾರು ಮಂದಿ ಒಂದು ಪಕ್ಷದ ಕಚೇರಿಗೆ ಹೋದೆವು; ಪಕ್ಷದ ಹೆಸರು ಬೇಡ. ನಾವೆಲ್ಲರೂ ಆ ಪಕ್ಷಕ್ಕೇ ಮತ ಹಾಕುತ್ತ ಬಂದವರು. ಬೆಳಗಿನಿಂದ ಕುಳಿತು, ಮಧ್ಯಾಹ್ನ ಮೀರಿದ ಮೇಲೆ ಒಳಗೆ ಕರೆದರು. ನಾವು ತಂದ ಕಾಗದವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಅವರು ಕೇಳಿದ ಪ್ರಶ್ನೆ: "ನಿಮ್ಮ ಯಜಮಾನರು ಏಕೆ ಬರಲಿಲ್ಲ?" ಯಜಮಾನರು ಹೇಳಿದರೆ ಮಾತ್ರ ನಾವು ಇರುವವರು, ಹೇಳದಿದ್ದರೆ ಇಲ್ಲದವರು. ಪಕ್ಷದ ಲೆಕ್ಕದ ಪುಸ್ತಕದಲ್ಲಿ ನಾವು ಮತದಾರರಾಗಿಲ್ಲ, ಜಾತಿಯ ಗಂಟುಗಳಾಗಿದ್ದೇವೆ. ದೇವಾಂಗರ ಗಂಟು ಒಂದು, ಒಕ್ಕಲಿಗರ ಗಂಟು ಒಂದು. ಗಂಟಿನ ತುದಿಯನ್ನು ಹಿಡಿದವನೊಡನೆ ಮಾತಾಡಿದರೆ ಸಾಕು, ಒಳಗಿನ ಕಾಳುಗಳೊಡನೆ ಏಕೆ ಮಾತಾಡಬೇಕು?

ಈ ಲೆಕ್ಕದಲ್ಲಿ ನಮ್ಮ ಭಾಷೆ ಎಲ್ಲಿಯೂ ಸೇರುವುದಿಲ್ಲ. ಒಂದು ತರಗತಿಯಲ್ಲಿ ಹತ್ತು ಮಕ್ಕಳು, ಅಥವಾ ಒಂದು ಶಾಲೆಯಲ್ಲಿ ನಲವತ್ತು ಮಕ್ಕಳು ಇದ್ದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಬೇಕೆಂಬ ನಿಯಮವನ್ನು 1949ರಲ್ಲಿಯೇ ಒಪ್ಪಲಾಗಿದೆ. ಸಂವಿಧಾನದ 350ಎ ವಿಧಿಯೂ ಅದನ್ನೇ ಹೇಳುತ್ತದೆ. ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾನೂನಿನಿಂದ ಅಲ್ಪಸಂಖ್ಯಾತ ಭಾಷೆಯ ಶಾಲೆಗಳ ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ತೊಡಕಿಗೆ ಸಿಕ್ಕಿದಾಗ, 2023ರಲ್ಲಿ ಒಂದು ವರ್ಷದ ವಿನಾಯಿತಿ ದೊರೆತುದು ಸುಪ್ರೀಂ ಕೋರ್ಟಿನಿಂದ. ನಮ್ಮ ಬೀದಿಗಳಲ್ಲಿ ಶಾಲು ಹೊದಿಸಿದ ಯಾವ ಪಕ್ಷದಿಂದಲೂ ಅಲ್ಲ. ತಮಿಳು ಕಲಿಯುವುದಕ್ಕೆ ನಮ್ಮ ತಕರಾರಿಲ್ಲ. ನಾವು ತಲೆತಲಾಂತರದಿಂದ ತಮಿಳನ್ನು ಕಲಿತು, ಆಡಿ, ಅದರಲ್ಲಿಯೇ ವ್ಯವಹಾರ ಮಾಡಿ ಬಾಳಿದವರು. ನಮ್ಮ ಮಗುವಿಗೆ ಅಜ್ಜಿಯ ಮಾತಿನ ಅಕ್ಷರವೂ ತಿಳಿಯಲಿ ಎಂಬಷ್ಟೇ ನಮ್ಮ ಆಸೆ. ಈ ಆಸೆಯನ್ನು ಯಜಮಾನರು ಪಕ್ಷದ ಮುಂದಿಡುವುದಿಲ್ಲ, ಏಕೆಂದರೆ ಅವರು ಹೋಗುವುದು ಕಲ್ಯಾಣಮಂಟಪಕ್ಕೆ ಜಾಗ ಕೇಳಲು.

ಇಲ್ಲಿ ನಮ್ಮ ತಪ್ಪನ್ನೂ ಹೇಳದೆ ಬಿಟ್ಟರೆ ಬರೆದುದು ಅರ್ಧಸತ್ಯವಾದೀತು. ಯಜಮಾನರ ಕೈಗೆ ಗಂಟಿನ ತುದಿಯನ್ನು ಕೊಟ್ಟವರು ನಾವೇ. 2009ರ ತಿರುಮಂಗಲದ ಉಪಚುನಾವಣೆಯ ಬಳಿಕ ಮತಕ್ಕೆ ಹಣ ಹಂಚುವ ರೀತಿಗೆ ಆ ಊರಿನ ಹೆಸರೇ ಬಂದಿತು. ಆ ಪದ್ಧತಿ ನಮ್ಮ ಬೀದಿಗಳಿಗೆ ಬಂದಿಲ್ಲವೆಂದು ಯಾರೂ ಪ್ರಮಾಣ ಮಾಡಲಾರರು. ರಾತ್ರಿ ಬಾಗಿಲಿಗೆ ಬಂದ ಲಕೋಟೆಯನ್ನು ತೆಗೆದುಕೊಂಡವನು ಬೆಳಿಗ್ಗೆ ಪಕ್ಷದ ಕಚೇರಿಯಲ್ಲಿ ದನಿಯೆತ್ತಿದರೆ "ನಿನ್ನ ಲೆಕ್ಕ ಆಗಲೇ ಚುಕ್ತಾ ಆಗಿದೆ" ಎಂಬ ನೋಟ ಅವನನ್ನು ಎದುರುಗೊಳ್ಳುತ್ತದೆ.

ಮುನಿಸನ್ನು ತೋರಿಸುವ ಬೇರೆ ದಾರಿಗಳನ್ನು ನಮ್ಮ ಸೀಮೆ ಪ್ರಯತ್ನಿಸದೆ ಇಲ್ಲ. 1996ರಲ್ಲಿ ಈರೋಡಿನ ಬಳಿಯ ಮೊಡಕುರಿಚ್ಚಿ ಕ್ಷೇತ್ರದ ರೈತರು, ಯಾವ ಪಕ್ಷವೂ ತಮ್ಮ ಮಾತನ್ನು ಕೇಳಲಿಲ್ಲವೆಂದು ರೋಸಿ, ಒಬ್ಬೊಬ್ಬರಾಗಿ ನಾಮಪತ್ರ ಸಲ್ಲಿಸಿದರು. ಒಟ್ಟು 1,033 ಉಮೇದುವಾರರು! ಮತದಾನವನ್ನು ಮುಂದೂಡಬೇಕಾಯಿತು, ಮತಪತ್ರವನ್ನು ಪುಸ್ತಕದಂತೆ ಅಚ್ಚು ಹಾಕಬೇಕಾಯಿತು. ಅದೇ ವರ್ಷ ಬೆಳಗಾವಿಯ ಲೋಕಸಭಾ ಕ್ಷೇತ್ರದಲ್ಲಿ ಗಡಿಯ ವಿವಾದವನ್ನು ಮುಂದಿಟ್ಟು ಮರಾಠಿಗರು ಇದೇ ಉಪಾಯ ಮಾಡಿದ್ದರಿಂದ 456 ಮಂದಿ ಕಣದಲ್ಲಿದ್ದರು; ಗಡಿಯ ಪ್ರಶ್ನೆಯಲ್ಲಿ ಅವರು ನಮ್ಮ ಎದುರಾಳಿಗಳಾದರೂ ಆ ಸಂಘಟನೆಯನ್ನು ಮೆಚ್ಚದೆ ಇರಲಾಗದು. ಫಲವೇನಾಯಿತು? ಮೊಡಕುರಿಚ್ಚಿಯಲ್ಲಿ ಗೆದ್ದುದು ದ್ರಾವಿಡ ಮುನ್ನೇತ್ರ ಕಳಗವೇ. ದೇಶದ ಪಾರ್ಲಿಮೆಂಟು ಆ ಬಳಿಕ ಮಾಡಿದ ಕೆಲಸವೆಂದರೆ ಶಾಸನಸಭೆಯ ಉಮೇದುವಾರಿಕೆಯ ಠೇವಣಿಯನ್ನು 250 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿದುದು. ರೈತರು ಕೂಗಿ ಹೇಳಿದುದನ್ನು ದಿಲ್ಲಿಯವರು "ಈ ಬಾಗಿಲಿಗೆ ಇನ್ನೊಂದು ಅಗಳಿ ಹಾಕಿ" ಎಂದು ಕೇಳಿಸಿಕೊಂಡಂತಾಯಿತು. ಆದ್ದರಿಂದ ಎಲ್ಲರೂ ನಿಂತುಬಿಡೋಣ ಎಂಬ ಉತ್ಸಾಹವನ್ನಾಗಲಿ, ಯಾರಿಗೂ ಮತ ಹಾಕದೆ ಮನೆಯಲ್ಲಿ ಕೂರೋಣ ಎಂಬ ವೈರಾಗ್ಯವನ್ನಾಗಲಿ ನಾವು ತಮಗೆ ಬೋಧಿಸುವುದಿಲ್ಲ. ಚೆದುರಿದವರು ಮತವನ್ನೂ ಬಿಟ್ಟರೆ ಅವರಿಗೆ ಉಳಿಯುವುದು ಅರ್ಜಿಯ ಸಂಖ್ಯೆ ಒಂದೇ.

ನಮ್ಮ ಸಲಹೆ ಇಷ್ಟು. ತಮಗೆ ಯಾವ ಪಕ್ಷ ಬೇಕೋ ಆ ಪಕ್ಷದಲ್ಲಿಯೇ ಇರಿ. ಆದರೆ ಆ ಪಕ್ಷದ ಶಾಖಾ ಕಾರ್ಯದರ್ಶಿಯೆಂಬುವನು ತಮ್ಮ ಊರಿನಲ್ಲಿಯೇ ಇದ್ದಾನೆ. ಅವನು ತಮ್ಮ ಸೋದರಳಿಯನೋ ಮಾವನ ಮಗನೋ ಆಗಿರುವುದೂ ಉಂಟು. ಮೇಲಿನವರ ಮಾತನ್ನು ಕೆಳಗೆ ತರುವುದನ್ನೇ ಕೆಲಸವೆಂದು ತಿಳಿದಿರುವ ಅವನಿಗೆ, ಕೆಳಗಿನವರ ಮಾತನ್ನು ಮೇಲೆ ಒಯ್ಯುವುದೂ ಕೆಲಸವೆಂದು ತಿಳಿಸಿರಿ. ಮೂರು ತಿಂಗಳಿಗೊಮ್ಮೆ ಗುಡಿಯ ಮುಂದೆ ಅವನನ್ನು ಕೂರಿಸಿ, ಕಳೆದ ಸಲ ಒಯ್ದ ಮಾತಿಗೆ ಬಂದ ಉತ್ತರವೇನೆಂದು ಕೇಳಿರಿ. ಹೆಂಗಸರನ್ನೂ ಕೂರಿಸಿರಿ, ನೀರಿನ ಲೆಕ್ಕ ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಉಮೇದುವಾರನು ಬಂದಾಗ ಯಜಮಾನರು ಶಾಲನ್ನು ಹೊದ್ದುಕೊಳ್ಳಲಿ, ಅಭ್ಯಂತರವಿಲ್ಲ; ಮಾತನ್ನು ಮಾತ್ರ ಊರವರೆಲ್ಲರ ಎದುರಿನಲ್ಲಿ ಆಡಿಸಿರಿ, ಆಡಿದುದನ್ನು ಕಾಗದದ ಮೇಲೆ ಬರೆಸಿಕೊಂಡು ದಿನಾಂಕ ಹಾಕಿಸಿರಿ.

ಗ್ರಾಮಸಭೆಗಳನ್ನು ಬಿಡಬೇಡಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಎಂಬ ನಾಲ್ಕು ದಿನಗಳ ಜೊತೆಗೆ 2022ರಿಂದ ಮಾರ್ಚ್ 22 ಹಾಗೂ ನವೆಂಬರ್ 1 ಕೂಡ ತಮಿಳುನಾಡಿನಲ್ಲಿ ಗ್ರಾಮಸಭೆಯ ದಿನಗಳ ಪಟ್ಟಿಗೆ ಸೇರಿವೆ. ನವೆಂಬರ್ 1 ನಮಗೆ ಯಾವ ದಿನವೆಂದು ಹೇಳಬೇಕಾದುದಿಲ್ಲ. ಅಂದು ಬೆಂಗಳೂರಿನ ಕಡೆಗೆ ಮುಖಮಾಡಿ ಕೈಮುಗಿದ ಮೇಲೆ ತಮ್ಮ ಪಂಚಾಯತಿಯ ಸಭೆಗೂ ನಡೆಯಿರಿ. ತಮ್ಮ ಕುಂಟೆಯು 1,045ರ ಪಟ್ಟಿಯಲ್ಲಿ ಇದೆಯೇ, ಇದ್ದರೆ ನೀರು ಎಷ್ಟು ಬಾರಿ ಬಂದಿದೆ, ಶಾಲೆಯಲ್ಲಿ ಕನ್ನಡ ಮನೆಮಾತಿನ ಮಕ್ಕಳೆಷ್ಟು ಎಂಬ ಮೂರು ಸಂಗತಿಗಳನ್ನು ನಡಾವಳಿಯ ಪುಸ್ತಕದಲ್ಲಿ ತಮಿಳಿನಲ್ಲಿಯೇ ಬರೆಸಿರಿ. ಆ ಠರಾವಿನ ಪ್ರತಿಯನ್ನು ತಮ್ಮ ಊರಿನಲ್ಲಿ ಧ್ವಜ ನೆಟ್ಟಿರುವ ಎಲ್ಲ ಪಕ್ಷಗಳ ಶಾಖೆಗಳಿಗೂ ಕೊಟ್ಟು ಸಹಿ ಪಡೆದುಕೊಳ್ಳಿ. ಒಂದು ಪ್ರತಿಯನ್ನು ಸಮಿತಿಗೆ ಕಳುಹಿಸಿದರೆ, ಯಾವ ಊರಿಗೆ ಯಾವ ಪಕ್ಷದಿಂದ ಉತ್ತರ ಬಂದಿತು, ಯಾವುದರಿಂದ ಬರಲಿಲ್ಲ ಎಂಬುದನ್ನು ಮುಂದಿನ ಹೊತ್ತಗೆಯಲ್ಲಿ ಊರುಗಳ ಹೆಸರಿನೊಡನೆ ಅಚ್ಚು ಹಾಕಿಸುತ್ತೇವೆ.